ಒಬ್ಬರೇ ಎತ್ತಬಲ್ಲ ಗಾಡಿ: ಹಗುರ ಅಡ್ವೆಂಚರ್ ಬೈಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ವೆಂಚರ್ ಬೈಕು ಅಂದರೆ ಡಾಂಬರಿನ ಜೊತೆಗೆ ಕಲ್ಲು, ಮಣ್ಣಿನ ದಾರಿಯಲ್ಲೂ ದೂರ ಹೋಗಲು ಮಾಡಿದ ಗಾಡಿ. ನಾಲ್ಕು ವರ್ಷ ಅಂಥದ್ದೇ 230 ಕೆಜಿ ದಾಟಿದ ದೊಡ್ಡ ಗಾಡಿ ಓಡಿಸಿದೆ. ಆಮೇಲೆ ಅದನ್ನು ಮಾರಿ 160 ಕೆಜಿ ಸುಮಾರಿನ 200 ಸಿಸಿ ಗಾಡಿ ತಗೊಂಡೆ. ಅವತ್ತಿನಿಂದ ಫೋನಲ್ಲಿ, ಮದುವೆ ಮನೆ ಊಟದ ಸಾಲಲ್ಲಿ, ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಲ್ಲೇ ಬರೆದಿದ್ದೇನೆ. ಉತ್ತರದಲ್ಲಿ ನನ್ನ ಪಕ್ಷಪಾತ ಇದ್ದೇ ಇದೆ.

## ಶುರು ಮಾಡುವವರಿಗೆ

ಹಗುರ ಹಗುರ ಅಂತೀರಲ್ಲ, ಎಷ್ಟು ಕೆಜಿ ಅಂದ್ರೆ ಹಗುರ? ಒಂದು ನಂಬರ್ ಹೇಳಿ ಸರ್.

ನಂಬರ್ ಬೇಕೇ ಬೇಕು ಅಂದರೆ ನನ್ನ ಲೆಕ್ಕ ಹೀಗೆ. ಪೆಟ್ರೋಲ್ ತುಂಬಿಸಿ 170 ಕೆಜಿ ಒಳಗಿದ್ದರೆ ಹಗುರ. 200ರ ತನಕ ಪರವಾಗಿಲ್ಲ. ಅದಕ್ಕಿಂತ ಮೇಲೆ ಹೋದರೆ ಭಾರ. ಕವಾಸಾಕಿ ಕೆಎಲ್ಎಕ್ಸ್ 230 ಸುಮಾರು 139 ಕೆಜಿ, ಹೀರೋ ಎಕ್ಸ್‌ಪಲ್ಸ್ 200 ಸುಮಾರು 160, ಸುಜುಕಿ ವಿ-ಸ್ಟ್ರಾಮ್ ಎಸ್ಎಕ್ಸ್ 167, ಎಕ್ಸ್‌ಪಲ್ಸ್ 210 ಅದರ ಅಕ್ಕಪಕ್ಕ, ಹೊಸ ಕೆಟಿಎಂ 390 ಅಡ್ವೆಂಚರ್ 180ರ ಸುಮಾರು, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬಂದು 196. ಬಿಎಂಡಬ್ಲ್ಯು ಆರ್ 1300 ಜಿಎಸ್ 237 ಕೆಜಿ, ಅದೂ ಬ್ಯಾಗ್ ಬಾಕ್ಸ್ ಏನೂ ಹಾಕದೆ.

ತೂಕ ಓದುವಾಗ ಒಂದು ಹುಷಾರು. ಕೆಲವು ಕಡೆ ಡ್ರೈ ವೇಟ್ ಬರೆದಿರುತ್ತಾರೆ, ಅಂದರೆ ಪೆಟ್ರೋಲ್ ಇಲ್ಲದ ತೂಕ. ನಿಮಗೆ ಬೇಕಾದದ್ದು ಕರ್ಬ್ ವೇಟ್, ಅಂದರೆ ಪೆಟ್ರೋಲ್, ಆಯಿಲ್ ಸಮೇತ ರಸ್ತೆಗಿಳಿಯುವ ತೂಕ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ. 17 ಲೀಟರ್ ಟ್ಯಾಂಕ್ ತುಂಬಿಸಿದರೆ ಹನ್ನೆರಡೂವರೆ ಕೆಜಿ ಪೆಟ್ರೋಲ್‌ದೇ ಆಯಿತು.

ಪ್ರಪಂಚ ಸುತ್ತೋರೆಲ್ಲ ದೊಡ್ಡ ಬೈಕಲ್ಲೇ ಹೋಗ್ತಾರಲ್ಲ, ನೀವ್ಯಾಕೆ ಸಣ್ಣದು ಅಂತೀರಿ?

ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುವ ದಾರಿಯಲ್ಲಿ ಗ್ರಾಂಫೂನಿಂದ ಬಾತಾಲ್ ಮಧ್ಯೆ ರಸ್ತೆ ಅನ್ನುವುದು ಹೆಸರಿಗೆ ಮಾತ್ರ. ಗುಂಡುಕಲ್ಲು, ಅದರ ಮೇಲೆ ಹರಿಯುವ ಹಳ್ಳ. ಅಲ್ಲಿನವರು ನಾಲಾ ಅಂತಾರೆ. ಮಧ್ಯಾಹ್ನ ಮೂರು ಗಂಟೆಗೆ ಅಂಥ ಒಂದು ನಾಲಾದ ನಡುವೆ ನನ್ನ ದೊಡ್ಡ ಗಾಡಿಯ ಮುಂದಿನ ಚಕ್ರ ಕಲ್ಲಿಗೆ ಬಡಿದು ಪಕ್ಕಕ್ಕೆ ಮಲಗಿತು. ಎತ್ತಿದೆ. ಹತ್ತಡಿ ಹೋಗಿ ಮತ್ತೆ ಮಲಗಿತು. ಮತ್ತೆ ಎತ್ತಿದೆ. ಮೂರನೇ ಸಲ ಎತ್ತಲು ಹೋದರೆ ಉಸಿರೇ ಸಿಗಲಿಲ್ಲ, ಅದು ನಾಲ್ಕು ಸಾವಿರ ಮೀಟರ್ ಹತ್ತಿರದ ಜಾಗ ನೋಡಿ. ನೀರಲ್ಲಿ ಕಾಲು ಮರಗಟ್ಟಿತ್ತು. ಅರ್ಧ ಗಂಟೆ ಬಿಟ್ಟು ಬಂದ ಲಾರಿಯ ಡ್ರೈವರ್ ಮತ್ತು ಕ್ಲೀನರ್ ಇಳಿದು ಎತ್ತಿಕೊಟ್ಟರು. ಅಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತಿತ್ತು.

ಅದೇ ನಾಲಾದಲ್ಲಿ ನನ್ನ ಹಿಂದೆ 200 ಸಿಸಿ ಗಾಡಿಯಲ್ಲಿ ಬಂದ ಹುಡುಗ ಎರಡು ಸಲ ಬಿದ್ದ. ಎರಡು ಸಲವೂ ತಾನೇ ಎತ್ತಿಕೊಂಡು ನಗುತ್ತಾ ದಾಟಿಹೋದ. ನಮ್ಮಿಬ್ಬರ ಗಾಡಿಗಳ ತೂಕದ ವ್ಯತ್ಯಾಸ ಸುಮಾರು 80 ಕೆಜಿ. ಒಂದೂವರೆ ಮೂಟೆ ಸಿಮೆಂಟಿಗಿಂತ ಜಾಸ್ತಿ.

ದೊಡ್ಡ ಗಾಡಿ ಕೆಟ್ಟದ್ದು ಅಂತಲ್ಲ. ಡಾಂಬರು ರಸ್ತೆಯಲ್ಲಿ ಅದರಷ್ಟು ಆರಾಮ ಇನ್ನೊಂದಿಲ್ಲ. ಜೊತೆಗೆ ಎತ್ತುವವರು ನಾಲ್ಕು ಜನ ಇದ್ದರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಒಬ್ಬರೇ ಹೋಗುವವರ ಕಥೆ ಬೇರೆ. ಮರುಭೂಮಿ ದಾಟುವ ಸ್ಪರ್ಧೆಯಾದ ಡಕಾರ್ ರ್‍ಯಾಲಿಯಲ್ಲೇ 2011ರಿಂದ 450 ಸಿಸಿಗಿಂತ ದೊಡ್ಡ ಬೈಕಿಗೆ ಜಾಗ ಇಲ್ಲ. ಅಷ್ಟು ದೂರ, ಅಷ್ಟು ಮರಳು ದಾಟುವವರಿಗೆ ಅಷ್ಟು ಸಾಕಾಗುತ್ತದೆ. ನಮಗೆ ಸಾಲಲ್ವಾ?

ಬೆಂಗಳೂರಿಂದ ಲೇಹ್ ತನಕ 200 ಸಿಸಿ ಗಾಡಿಯಲ್ಲಿ ಬೋರ್ ಆಗಲ್ವಾ?

ಆಗುತ್ತೆ. ಸುಳ್ಳು ಯಾಕೆ ಹೇಳಲಿ. ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೇರ ಹೆದ್ದಾರಿ. ಎಕ್ಸ್‌ಪಲ್ಸ್ 200ರಂಥ ಗಾಡಿ ಗಂಟೆಗೆ 80ರಲ್ಲಿ ಖುಷಿಯಾಗಿರುತ್ತದೆ. 95ಕ್ಕೆ ಎಳೆದರೆ ಕೈ ಜುಮ್ಮೆನ್ನುತ್ತದೆ, ಎದುರು ಗಾಳಿ ಇದ್ದರೆ ಅದೂ ಇಲ್ಲ. ನಾಗಪುರ ದಾಟುವ ಹೊತ್ತಿಗೆ ನಾನು ನನ್ನನ್ನೇ ಬೈದುಕೊಂಡಿದ್ದೆ.

ಇದಕ್ಕೆ ಎರಡು ದಾರಿ. ಒಂದು, ದಿನಕ್ಕೆ 450 ಕಿಮೀ ಸಾಕು ಅಂತ ಮನಸ್ಸು ಮಾಡಿ, ಬೆಳಗ್ಗೆ ಐದಕ್ಕೆ ಹೊರಟು ಬಿಸಿಲು ಏರುವ ಮುಂಚೆ ಅರ್ಧ ದಾರಿ ಮುಗಿಸುವುದು. ಇನ್ನೊಂದು, ರೈಲಿನಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳಿಸಿಬಿಡುವುದು. ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ತಗೊಂಡು ಹೋಗಿ. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಗೋಣಿಚೀಲ ಸುತ್ತಿ ಪ್ಯಾಕ್ ಮಾಡುವವರು ಅಲ್ಲೇ ಹೊರಗೆ ಸಿಗುತ್ತಾರೆ. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ, ಅದು ಇದ್ದ ಹಾಗೇ ಆ ಕಡೆ ಇಳಿದದ್ದನ್ನು ನಾನು ನೋಡಿಲ್ಲ.

ಅಂದ ಹಾಗೆ, ಹೆದ್ದಾರಿ ವೇಗಕ್ಕಾಗಿ ದೊಡ್ಡ ಗಾಡಿ ಬೇಕು ಅನ್ನುವವರು ಒಂದು ನೆನಪಿಡಿ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ ಬೈಕು ಬಿಡುವುದೇ ಇಲ್ಲ. 1300 ಸಿಸಿ ಆದರೂ ಸರ್ವಿಸ್ ರೋಡೇ ಗತಿ.

ಅಣ್ಣಾ, ನನ್ನ ಹೈಟು 5 ಅಡಿ 3 ಇಂಚು. ಕಾಲೇ ನೆಲಕ್ಕೆ ಸಿಗಲ್ಲ. ನನ್ನಂಥ ಹುಡುಗಿಯರಿಗೆ ಯಾವ ಗಾಡಿ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಕಾಲು ಇದ್ದಷ್ಟೇ ಸೀಟು ಅಂದುಕೊಂಡು ಎಲ್ಲರೂ ಹೆದರುತ್ತಾರೆ. ಎರಡೂ ಪಾದ ಪೂರ್ತಿ ಊರುವ ಅಗತ್ಯ ಇಲ್ಲಮ್ಮ. ಎಡಗಾಲಿನ ಮುಂಗಾಲು ಗಟ್ಟಿಯಾಗಿ ಊರಿದರೆ ಸಾಕು, ಬಲಗಾಲು ಬ್ರೇಕಿನ ಮೇಲೇ ಇರಲಿ. ನಿಲ್ಲಿಸುವ ಮುಂಚೆ ಸೊಂಟವನ್ನು ಎಡಕ್ಕೆ ಸ್ವಲ್ಪ ಸರಿಸಿ. ಇಷ್ಟು ಅಭ್ಯಾಸ ಆಗಲು ಒಂದು ಭಾನುವಾರ ಬೇಕು.

ಇಲ್ಲೇ ಹಗುರ ಗಾಡಿಯ ನಿಜವಾದ ಉಪಯೋಗ ಇರುವುದು. 830 ಮಿಮೀ ಎತ್ತರದ 160 ಕೆಜಿ ಗಾಡಿ ವಾಲಿದರೆ ಒಂದು ಕಾಲಲ್ಲಿ ತಡೆದುಕೊಳ್ಳಬಹುದು. 800 ಮಿಮೀ ಎತ್ತರದ 220 ಕೆಜಿ ಗಾಡಿ ವಾಲಿದರೆ ಕಾಲು ಎಷ್ಟು ಚೆನ್ನಾಗಿ ಊರಿದ್ದರೂ ಅದು ಹೋಗುವ ಕಡೆಗೇ ಹೋಗುತ್ತದೆ. ಬರೀ ಸೀಟಿನ ಎತ್ತರ ನೋಡಬೇಡಿ, ಸೀಟಿನ ಅಗಲವನ್ನೂ ನೋಡಿ. ಮುಂದೆ ಕಿರಿದಾಗಿದ್ದರೆ ಕಾಲು ಬೇಗ ನೆಲ ಮುಟ್ಟುತ್ತದೆ. ಸೀಟಿನ ಸ್ಪಂಜು ಕೊರೆಸಿ ಇಳಿಸಬಹುದು. ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸಿ ಇಡೀ ಗಾಡಿಯನ್ನೇ ಇಳಿಸಿದರೆ ಮಾತ್ರ ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತದೆ, ಇಂಜಿನ್ ತಳ ಕಲ್ಲಿಗೆ ತಾಗುತ್ತದೆ. ಅದು ಕೊನೆಯ ದಾರಿ.

ಶೋರೂಮಲ್ಲಿ ಟೆಸ್ಟ್ ರೈಡ್ ಕೊಡ್ತಾರೆ. ಏನು ನೋಡ್ಬೇಕು?

ಓಡಿಸಿ ನೋಡಿ, ಅದು ಸರಿ. ಆದರೆ ನಾನು ಹೇಳುವುದು ಮಲಗಿಸಿ ಎತ್ತಿ ನೋಡಿ. ಶೋರೂಮಿನವರು ಒಪ್ಪಲ್ಲ, ಗೊತ್ತು. ಅದೇ ಗಾಡಿ ಇರುವ ಸ್ನೇಹಿತರನ್ನು ಹುಡುಕಿ, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಎತ್ತಿ. ಮತ್ತೆ ಮಲಗಿಸಿ, ಎತ್ತಿ. ಐದು ಸಲ. ಐದನೇ ಸಲವೂ ನೀವೊಬ್ಬರೇ ಎತ್ತಿದರೆ ಆ ಗಾಡಿ ನಿಮ್ಮದು. ಮೂರನೇ ಸಲಕ್ಕೇ ಸೊಂಟ ಹಿಡಿದುಕೊಂಡು ನಿಂತರೆ, ಐದು ಸಾವಿರ ಮೀಟರ್ ಎತ್ತರದಲ್ಲಿ, ಬ್ಯಾಗು ಕಟ್ಟಿಕೊಂಡು ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಎತ್ತುವ ಕ್ರಮ ಇದೆ. ಮೊದಲು ಇಂಜಿನ್ ಆಫ್ ಮಾಡಿ. ಗೇರಿನಲ್ಲಿ ಇಡಿ, ಇಲ್ಲದಿದ್ದರೆ ಚಕ್ರ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡಿ. ಎತ್ತಿದ ರಭಸಕ್ಕೆ ಆ ಕಡೆ ಬೀಳುವುದು ಮಾಮೂಲು, ನಾನೂ ಬೀಳಿಸಿದ್ದೇನೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಹಿಂದೆ ಕೂತವರು ಹಿಡಿಯುವ ಕಂಬಿ (ಗ್ರ್ಯಾಬ್ ರೈಲ್) ಹಿಡಿದು, ತೊಡೆಯ ಬಲದಲ್ಲಿ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡಿ. ಬಗ್ಗಿ ಸೊಂಟದಿಂದ ಎತ್ತಿದರೆ ಟ್ರಿಪ್ ಅಲ್ಲಿಗೇ ಮುಗಿಯಿತು.

## ಗಾಡಿ ಆರಿಸುವಾಗ

ಎಕ್ಸ್‌ಪಲ್ಸಾ, ಹಿಮಾಲಯನ್ನಾ, ಕೆಟಿಎಮ್ಮಾ? ಸುತ್ತಿ ಬಳಸಿ ಹೇಳ್ಬೇಡಿ, ನೇರ ಹೇಳಿ.

ಮೊದಲ ಗಾಡಿ, ಒಬ್ಬರೇ ಹೋಗುವುದು, ಕಚ್ಚಾ ರಸ್ತೆ ಜಾಸ್ತಿ ಅಂದರೆ ಎಕ್ಸ್‌ಪಲ್ಸ್. 200 ಸಾಕು, ಹೆದ್ದಾರಿಯೂ ಇದೆ ಅಂದರೆ 210. ಅದಕ್ಕೆ ನೀರಿನಿಂದ ತಂಪಾಗುವ 24.6 ಪಿಎಸ್ (ಶಕ್ತಿಯ ಅಳತೆ, ಹಾರ್ಸ್ ಪವರ್ ಇದ್ದ ಹಾಗೆ) ಇಂಜಿನ್, ಆರು ಗೇರ್ ಇದೆ. 200ರ ಪ್ರೊ ಅನ್ನುವುದು ಬೇರೆಯೇ ಜಾತಿ, ಸೀಟು 891 ಮಿಮೀ. ಆರಡಿ ಇದ್ದು ಮಣ್ಣಲ್ಲಿ ಹಾರಿಸುವವರಿಗೆ ಅದು.

ಹೆದ್ದಾರಿ ಅರ್ಧ, ಮಣ್ಣು ಅರ್ಧ, ನೀವು ಗಟ್ಟಿಮುಟ್ಟಾಗಿದ್ದೀರಿ ಅಂದರೆ ಹಿಮಾಲಯನ್ 450. 40 ಪಿಎಸ್, 17 ಲೀಟರ್ ಟ್ಯಾಂಕ್, ದಿನವಿಡೀ ಕೂರಬಹುದು. ಆದರೆ 196 ಕೆಜಿ ಅನ್ನುವುದನ್ನು ಮರೆಯಬೇಡಿ. ನನ್ನ ಗೆರೆಯ ಒಳಗೆ ಸ್ವಲ್ಪದರಲ್ಲಿ ಬಂದಿದೆ, ಬ್ಯಾಗ್ ಕಟ್ಟಿದರೆ ದಾಟಿಹೋಗುತ್ತದೆ. ಈಗಾಗಲೇ ಚೆನ್ನಾಗಿ ಓಡಿಸಲು ಬರುತ್ತೆ, ಚುರುಕು ಬೇಕು ಅಂದರೆ 390 ಅಡ್ವೆಂಚರ್. ಹೊಸದರಲ್ಲಿ 21 ಇಂಚಿನ ಮುಂದಿನ ಚಕ್ರ ಕೊಟ್ಟಿದ್ದಾರೆ, ಹಳೆಯದರಲ್ಲಿ 19 ಇತ್ತು. ಕಲ್ಲುಗುಂಡಿನ ಮೇಲೆ ದೊಡ್ಡ ಚಕ್ರ ಹತ್ತಿಕೊಂಡು ಹೋಗುತ್ತದೆ, ಚಿಕ್ಕದು ಬಡಿದುಕೊಂಡು ಹೋಗುತ್ತದೆ. ವಿ-ಸ್ಟ್ರಾಮ್ ಎಸ್ಎಕ್ಸ್ ಒಳ್ಳೆ ಗಾಡಿ, ಆದರೆ ಅದು ಕೆಟ್ಟ ಡಾಂಬರಿಗೆ, ನಾಲಾಕ್ಕಲ್ಲ.

ದುಡ್ಡಿನ ಲೆಕ್ಕವೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ 18 ಪರ್ಸೆಂಟ್, ಅದರ ಮೇಲೆ 40. ಉಳಿದ ದುಡ್ಡನ್ನು ಟೈರು, ಬೂಟು, ಮೊಣಕಾಲಿನ ಗಾರ್ಡಿಗೆ ಹಾಕಿ.

ಖರ್ದುಂಗ್ ಲಾ ಹತ್ತುತ್ತಾ 200 ಸಿಸಿ? ನಮ್ಮ ಭಾವ ಆಗಲ್ಲ ಅಂತಾರೆ.

ಹತ್ತುತ್ತೆ. ಖರ್ದುಂಗ್ ಲಾ ಅಂದರೆ ಲೇಹ್ ಹತ್ತಿರದ ಘಾಟಿ, 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧ. ಇಂಜಿನ್ನಿಗೆ ಸಿಗುವ ಆಮ್ಲಜನಕವೂ ಅರ್ಧ, ಶಕ್ತಿಯೂ ಹೆಚ್ಚು ಕಡಿಮೆ ಅರ್ಧ. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಅಳತೆ ಸರಿ ಮಾಡಿಕೊಳ್ಳುತ್ತದೆ, ಇಲ್ಲದ ಗಾಳಿಯನ್ನು ಅದು ಎಲ್ಲಿಂದ ತರಬೇಕು? 19 ಪಿಎಸ್ ಗಾಡಿ ಹತ್ತರ ಸುಮಾರಿಗೆ ಇಳಿಯುತ್ತದೆ. ಒಂದನೇ ಗೇರು, ಎರಡನೇ ಗೇರಿನಲ್ಲಿ ಗೊಣಗುತ್ತಾ ಹತ್ತುತ್ತದೆ. ದೊಡ್ಡ ಗಾಡಿಯೂ ಅರ್ಧ ಕಳೆದುಕೊಳ್ಳುತ್ತದೆ, ಅದರ ಹತ್ತಿರ ಜಾಸ್ತಿ ಇರುವುದರಿಂದ ಗೊತ್ತಾಗಲ್ಲ ಅಷ್ಟೆ.

ಸುಲಭದ ಉಪಾಯ ಒಂದಿದೆ. ಮುಂದಿನ ಸ್ಪ್ರಾಕೆಟ್‌ನಲ್ಲಿ, ಅಂದರೆ ಚೈನು ಸುತ್ತುವ ಹಲ್ಲುಚಕ್ರದಲ್ಲಿ, ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿಸಿ. ಏರಿನಲ್ಲಿ ಕ್ಲಚ್ ಉಳಿಯುತ್ತದೆ. ಹೆದ್ದಾರಿಯಲ್ಲಿ ವೇಗ ಸ್ವಲ್ಪ ಹೋಗುತ್ತದೆ, ಆದ್ದರಿಂದ ಮನಾಲಿಯಲ್ಲೇ ಬದಲಿಸಿಕೊಂಡರೆ ಜಾಣತನ. ಭಾವನವರಿಗೆ ಈ ಮಾತು ಹೇಳಿ, ನನ್ನ ಹೆಸರು ಬೇಡ.

ಟ್ಯಾಂಕ್ ಚಿಕ್ಕದು, ಮಧ್ಯ ದಾರಿಯಲ್ಲಿ ಪೆಟ್ರೋಲ್ ಖಾಲಿ ಆದ್ರೆ?

ಮನಾಲಿ–ಲೇಹ್ ದಾರಿಯ ತಾಂಡಿ ಬಂಕಿನ ಫಲಕ ಎಷ್ಟೋ ಫೋಟೋಗಳಲ್ಲಿ ನೋಡಿರುತ್ತೀರಿ: ಮುಂದಿನ ಬಂಕ್ 365 ಕಿಮೀ. ನಿಮ್ಮ ಅಳತೆಗೋಲು ಅದೇ ಆಗಲಿ. 13 ಲೀಟರ್ ಟ್ಯಾಂಕು, ಕೆಟ್ಟ ರಸ್ತೆಯಲ್ಲಿ ಲೀಟರಿಗೆ 30 ಅಂದರೆ 390 ಕಿಮೀ. ಆಗುತ್ತೆ, ಆದರೆ ಎದೆ ಡವಡವ. ಕೆಎಲ್ಎಕ್ಸ್ ಟ್ಯಾಂಕು 7.6 ಲೀಟರ್, ಕೆಟಿಎಂ 390 ಎಂಡ್ಯೂರೋ ಆರ್ ಬರೀ 9 ಲೀಟರ್. ಇವು ಹಗುರವಾಗಿ ಚೆನ್ನಾಗಿವೆ, ಆದರೆ 250 ಕಿಮೀ ದಾಟುವುದು ಕಷ್ಟ. ಅಂಥ ಗಾಡಿಗೆ ಐದು ಲೀಟರಿನ ಕ್ಯಾನ್ ಕಟ್ಟಿಕೊಳ್ಳಿ, ಅದೂ ಒಂದು ಬಂಕಿನಿಂದ ಇನ್ನೊಂದಕ್ಕೆ ದೂರ ಇರುವ ಎರಡು ದಿನ ಮಾತ್ರ. ಉಳಿದ ದಿನ ಖಾಲಿ ಇರಲಿ. ಬಾಟಲಿ ನೀರಿನ ಪ್ಲಾಸ್ಟಿಕ್‌ನಲ್ಲಿ ಪೆಟ್ರೋಲ್ ತುಂಬಬೇಡಿ.

ಹೆಂಡತೀನೂ ಬರ್ತೀನಿ ಅಂತಾಳೆ. ಹಗುರ ಗಾಡಿಯಲ್ಲಿ ಇಬ್ಬರು ಆಗುತ್ತಾ?

ಚಿಕ್ಕಮಗಳೂರಿಗೆ ಆಗುತ್ತೆ, ಲಡಾಖಿನ ಝಂಸ್ಕಾರಕ್ಕೆ ಬೇಡ. ಇಬ್ಬರು ಮತ್ತು ಲಗೇಜು ಸೇರಿದರೆ 160 ಕೆಜಿ ಹತ್ತಿರ, ಅಂದರೆ ಗಾಡಿಯಷ್ಟೇ ತೂಕ ಗಾಡಿಯ ಮೇಲೆ. ಸಸ್ಪೆನ್ಷನ್ ಪೂರ್ತಿ ಕುಗ್ಗಿ ಕೂರುತ್ತದೆ. ಇಬ್ಬರು ಅಂದರೆ ಹಿಮಾಲಯನ್ ಕಡೆ ನೋಡಿ. ಇಲ್ಲವೇ ಅವರಿಗೂ ಒಂದು ಗಾಡಿ ಕೊಡಿಸಿ. ನಮ್ಮ ಮನೆಯಲ್ಲಿ ಹಾಗೇ ಆಯಿತು, ಈಗ ಅವಳೇ ಮುಂದೆ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಏನೇನು ಚೆಕ್ ಮಾಡ್ಲಿ?

ಫಳಫಳ ಹೊಳೆಯುವುದನ್ನು ನೋಡಬೇಡಿ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯಾ, ರಿಮ್ ತಿರುಗಿಸಿದರೆ ಅಲ್ಲಾಡುತ್ತಾ, ಕಡ್ಡಿಗಳು ಎಲ್ಲ ಬಿಗಿ ಇವೆಯಾ. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ, ನಡುವೆ ಕಟ್ ಅಂತ ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಇಂಜಿನ್ ಕೆಳಗಿನ ತಗಡು ನೋಡಿ. ಗೀರು ಇದ್ದರೆ ಪರವಾಗಿಲ್ಲ, ಓಡಿಸಿದ್ದಾರೆ ಅಂತ ಅರ್ಥ. ಒಳಕ್ಕೆ ಬಗ್ಗಿದ್ದರೆ ಇಂಜಿನ್ ಕೇಸು ಇಣುಕಿ ನೋಡಿ, ಎಂ-ಸೀಲ್ ಮೆತ್ತಿದ ಗುರುತು ಇದ್ದರೆ ಮನೆಗೆ ವಾಪಸ್ ಬನ್ನಿ.

## ಹೊರಡುವ ಮುಂಚೆ

ಹಗುರ ಗಾಡಿ ತಗೊಂಡೆ. ಈಗ ಸೈಡ್ ಬಾಕ್ಸ್ ಹಾಕಿಸ್ಲಾ?

ದಯವಿಟ್ಟು ಬೇಡ. ಉಳಿಸಿದ ತೂಕವನ್ನೆಲ್ಲ ವಾಪಸ್ ಕಟ್ಟಿಕೊಂಡ ಹಾಗಾಗುತ್ತದೆ. ಅಲ್ಯೂಮಿನಿಯಂ ಬಾಕ್ಸು, ಅದರ ಕಂಬಿ, ಕ್ರ್ಯಾಶ್ ಗಾರ್ಡು, ಎಕ್ಸ್‌ಟ್ರಾ ಲೈಟು, ಮೊಬೈಲ್ ಹೋಲ್ಡರು ಅಂತ ಸೇರಿಸುತ್ತಾ ಹೋದವರ 160 ಕೆಜಿ ಗಾಡಿ 190 ಆಗಿದ್ದನ್ನು ನೋಡಿದ್ದೇನೆ, ಒಳಗೆ ಇನ್ನೂ ಒಂದು ಬನಿಯನ್ ಇಟ್ಟಿರಲಿಲ್ಲ. ಇನ್ನೊಂದು ಅಪಾಯ ಇದೆ. ಮಣ್ಣಲ್ಲಿ ಜಾರುವಾಗ ಕಾಲು ಊರಿದರೆ ಗಟ್ಟಿ ಬಾಕ್ಸು ಮೀನಖಂಡದ ಮೇಲೆ ಬಂದು ಕೂರುತ್ತದೆ. ಬಟ್ಟೆಯ ಬ್ಯಾಗ್ ಆದರೆ ಮಡಚಿಕೊಳ್ಳುತ್ತದೆ.

ನನ್ನ ಲೆಕ್ಕ: ಟೆಂಟ್ ಇಲ್ಲದಿದ್ದರೆ 12 ಕೆಜಿ, ಇದ್ದರೆ 18. ಮೂರು ಜೊತೆ ಬಟ್ಟೆ ಸಾಕು, ದಾರಿಯಲ್ಲಿ ಒಗೆಯಬಹುದು. ಭಾರದ್ದು ಕೆಳಗೆ, ಸೀಟಿನ ಹತ್ತಿರಕ್ಕೆ. ಹಿಂದಿನ ಕ್ಯಾರಿಯರ್ ತುದಿಗೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಮರಳಲ್ಲಿ ಅಲೆದಾಡುತ್ತದೆ.

ಟ್ಯೂಬ್ ಒಳ್ಳೇದಾ, ಟ್ಯೂಬ್‌ಲೆಸ್ ಒಳ್ಳೇದಾ?

ಮುಳ್ಳು, ಮೊಳೆಗೆ ಟ್ಯೂಬ್‌ಲೆಸ್. ಹತ್ತು ನಿಮಿಷದಲ್ಲಿ ಪ್ಲಗ್ ತುರುಕಿ ಹೊರಡಬಹುದು. ಕಲ್ಲಿಗೆ ಬಡಿದು ರಿಮ್ ಬಗ್ಗಿದರೆ ಟ್ಯೂಬ್‌ಲೆಸ್‌ನಲ್ಲಿ ಗಾಳಿ ನಿಲ್ಲಲ್ಲ, ಟ್ಯೂಬಿದ್ದರೆ ಓಡುತ್ತಲೇ ಇರುತ್ತದೆ. ಕಡ್ಡಿ ರಿಮ್ಮಿನಲ್ಲೂ ಟ್ಯೂಬ್‌ಲೆಸ್ ಈಗ ಬಂದಿದೆ, ಹಿಮಾಲಯನ್ 450ಕ್ಕೆ ಸಿಗುತ್ತದೆ.

ಟ್ಯೂಬ್ ಗಾಡಿಯಾದರೆ ಟೈರು ಬಿಚ್ಚುವುದನ್ನು ಮನೆಯಲ್ಲೇ ಎರಡು ಸಲ ಮಾಡಿ ನೋಡಿ. ಹಿಂದಿನದು 18 ಇಂಚಾದರೆ 21 ಇಂಚಿನ ಒಂದೇ ಟ್ಯೂಬ್ ಒಯ್ದರೂ ನಡೆಯುತ್ತದೆ, ಆಪತ್ತಿಗೆ ಹಿಂದಕ್ಕೂ ತುರುಕಬಹುದು. ಕಚ್ಚಾ ರಸ್ತೆಯಲ್ಲಿ ಗಾಳಿ 22 ಪಿಎಸ್ಐ ಸುಮಾರಿಗೆ ಇಳಿಸಿದರೆ ಹಿಡಿತ ಚೆನ್ನಾಗಿರುತ್ತದೆ. ಇನ್ನೂ ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತು. ಡಾಂಬರು ಬಂದ ತಕ್ಷಣ ಮತ್ತೆ ತುಂಬಿಸಿ, ಪುಟ್ಟ ಪಂಪ್ ಜೊತೆಗಿರಲಿ.

ಪ್ರಾಕ್ಟೀಸ್ ಎಲ್ಲಿ ಮಾಡೋದು? ಸಕಲೇಶಪುರದ ಕಾಡಿಗೆ ಹೋಗ್ಲಾ?

ಮೀಸಲು ಅರಣ್ಯಕ್ಕೆ, ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಗಾಡಿ ಜಪ್ತಿ ಆಗುತ್ತದೆ, ಜೊತೆಗೆ ಊರವರಿಗೆ ಬೈಕಿನವರೆಲ್ಲ ಕಂಡರಾಗದ ಹಾಗಾಗುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ, ಹಳ್ಳಿಯ ಗಾಡಿ ದಾರಿ, ಕೇಳಿಕೊಂಡು ಬೀಳು ಹೊಲ, ಇಷ್ಟು ಸಾಕು. ಮೊದಲ ಮಳೆ ಆದ ಮೇಲೆ ರಾಯಚೂರು ಕಡೆಯ ಎರೆ ಭೂಮಿಗೆ ಮಾತ್ರ ಇಳಿಯಬೇಡಿ. ಆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ, ಕೋಲಲ್ಲಿ ಕೆರೆದು ತೆಗೆಯಬೇಕು. ಸರಿಯಾಗಿ ಕಲಿಯಬೇಕು ಅಂದರೆ ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ್ದು. ಎರಡು ದಿನದ ಕಲಿಕೆ ಹತ್ತು ಸಾವಿರದ ಸೈಲೆನ್ಸರಿಗಿಂತ ಮೇಲು.

## ಸ್ವಲ್ಪ ಪಳಗಿದವರಿಗೆ

ಸಸ್ಪೆನ್ಷನ್ ಬದಲಾಯಿಸ್ಬೇಕಾ? ನನ್ನ ತೂಕ 90 ಕೆಜಿ.

ಮೊದಲು ಅಳೆಯಿರಿ. ಗಾಡಿಯ ಹಿಂಭಾಗ ಪೂರ್ತಿ ಎತ್ತಿ ಹಿಡಿದು, ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಪಕ್ಕದ ಒಂದು ಜಾಗಕ್ಕೆ ಎಷ್ಟು ದೂರ ಅಂತ ಬರೆದುಕೊಳ್ಳಿ. ಆಮೇಲೆ ಹೆಲ್ಮೆಟ್, ಬೂಟು, ಲಗೇಜು ಸಮೇತ ಕೂತು ಮತ್ತೆ ಅಳೆಸಿ. ಒಟ್ಟು ಸಸ್ಪೆನ್ಷನ್ ಆಟದ ಮೂರನೇ ಒಂದು ಭಾಗ ಕುಗ್ಗಿದರೆ ಸರಿ. ಅರ್ಧಕ್ಕೇ ಹೋದರೆ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ, ಬಿಗಿ ಮಾಡಿ. ಪೂರ್ತಿ ಬಿಗಿ ಮಾಡಿದರೂ ಕುಗ್ಗಿದರೆ ಸ್ಪ್ರಿಂಗ್ ಮಾತ್ರ ಗಟ್ಟಿಯದು ಹಾಕಿಸಿ. ಇಡೀ ಶಾಕ್ ಬದಲಿಸುವ ಖರ್ಚು ಬಹಳ ಜನಕ್ಕೆ ಬೇಕಾಗಲ್ಲ.

ದಾರಿಯಲ್ಲಿ ಕೆಟ್ಟು ನಿಂತ್ರೆ ಏನು ಸಾಮಾನು ಇರ್ಬೇಕು?

ಹೀರೋ ಶೋರೂಮು ಹೆಚ್ಚು ಕಡಿಮೆ ಪ್ರತಿ ತಾಲ್ಲೂಕಿನಲ್ಲಿದೆ, ಎನ್‌ಫೀಲ್ಡ್ ಬಲ್ಲ ಮೆಕ್ಯಾನಿಕ್ ಹಿಮಾಲಯದ ಸಣ್ಣ ಊರಲ್ಲೂ ಸಿಗುತ್ತಾನೆ. ಗಾಡಿ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತಗೊಳ್ಳಿ. ಕೈಯಲ್ಲಿ 8, 10, 12, 14ರ ಸ್ಪ್ಯಾನರ್, ಅಲನ್ ಕೀ, ಟೈರ್ ಲಿವರ್, ಕ್ಲಚ್ ಕೇಬಲ್, ಕ್ಲಚ್ಚಿನ ಮತ್ತು ಬ್ರೇಕಿನ ಲಿವರ್, ಚೈನ್ ಲಾಕ್, ಸ್ಪಾರ್ಕ್ ಪ್ಲಗ್, ಫ್ಯೂಸ್, ತಂತಿ, ಎಂ-ಸೀಲ್ ಇರಲಿ. ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಟೇಪ್ ಸುತ್ತಿ ಮೊದಲೇ ಎಳೆದಿಟ್ಟರೆ, ತುಂಡಾದಾಗ ಐದು ನಿಮಿಷದ ಕೆಲಸ.

ನೀರಲ್ಲಿ ಗಾಡಿ ಮುಳುಗಿ ಆಫ್ ಆದ್ರೆ?

ಮೊದಲು, ಮುಳುಗದ ಹಾಗೆ ನೋಡಿಕೊಳ್ಳಿ. ಹಿಮದ ನೀರು ಬೆಳಗ್ಗೆ ಕಡಿಮೆ, ಬಿಸಿಲೇರಿದಂತೆ ಜಾಸ್ತಿ. ಬೆಳಗ್ಗೆ ಏಳಕ್ಕೆ ಪಾದ ಮುಳುಗುವ ನಾಲಾ ಮಧ್ಯಾಹ್ನ ಮೂರಕ್ಕೆ ಮೊಣಕಾಲು ಮುಟ್ಟುತ್ತದೆ. ನಾನು ಬಿದ್ದದ್ದು ಮೂರು ಗಂಟೆಗೆ, ಮೇಲೆ ಹೇಳಿದೆನಲ್ಲ. ಮೊದಲು ನಡೆದು ದಾಟಿ ನೋಡಿ. ಬೂಟು ಒದ್ದೆಯಾಗುತ್ತೆ ಅಂತ ಸುಮ್ನೆ ನುಗ್ಗಬೇಡಿ.

ಮುಳುಗಿ ಆಫ್ ಆದರೆ ಸ್ಟಾರ್ಟರ್ ಬಟನ್ ಮುಟ್ಟಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ದಡಕ್ಕೆ ತಳ್ಳಿ. ಏರ್ ಫಿಲ್ಟರ್ ತೆಗೆದು ನೋಡಿ. ಒಣಗಿದ್ದರೆ ಅದೃಷ್ಟ, ಬರೀ ವೈರಿಂಗ್ ಒದ್ದೆ ಇರಬಹುದು. ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಪ್ಲಗ್ಗಿನ ತೂತಿಂದ ನೀರು ಚಿಮ್ಮುತ್ತದೆ, ಮುಖ ದೂರ ಇಡಿ. ನೀರು ಪೂರ್ತಿ ನಿಂತ ಮೇಲೆ ಫಿಲ್ಟರ್ ಒಣಗಿಸಿ, ಪ್ಲಗ್ ಒರೆಸಿ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ. ಕೊನೆಗೆ ಇಂಜಿನ್ ಪಕ್ಕದ ಕಿಟಕಿಯಲ್ಲಿ ಆಯಿಲ್ ನೋಡಿ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ. ಆಯಿಲ್ ಬದಲಿಸುವ ತನಕ ಗಾಡಿ ಓಡಿಸಬೇಡಿ, ಬರುವ ಲಾರಿಗೆ ಕೈ ಅಡ್ಡ ಹಾಕಿ. ಹಗುರ ಗಾಡಿಯಾದರೆ ಲಾರಿಗೆ ಹತ್ತಿಸಲು ಮೂರು ಜನ ಸಾಕು.